ಅಮ್ಮನಿಲ್ಲದ ಮರಿಗಳ ಮನೆಯಲ್ಲಿ

ಮೈಸೂರು ಸೀಮೆಯಲ್ಲಿ ಹುಟ್ಟಿದವರಿಗೆ ಆನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ದಸರೆಯ ಮೆರವಣಿಗೆಯಲ್ಲಿ ಅಪ್ಪನ ಹೆಗಲೇರಿ ಕುಳಿತು ನೋಡಿದ್ದೇವೆ. ದೇವಸ್ಥಾನದ ಬಾಗಿಲಲ್ಲಿ ಕಾಸು ಕೊಟ್ಟು ಸೊಂಡಿಲಿನಿಂದ ತಲೆ ಮುಟ್ಟಿಸಿಕೊಂಡಿದ್ದೇವೆ. ದೇವರ ಗೂಡಿನಲ್ಲಿ ಗಣಪತಿಯ ಮುಖದಲ್ಲಿ ದಿನವೂ ಕಾಣುತ್ತೇವೆ. ಆದರೆ ಆನೆಮರಿಯನ್ನು ಹಾಲೆರೆದು ಸಾಕಿ, ಅದು ದೊಡ್ಡದಾದ ಮೇಲೆ ತಮ್ಮನ್ನು ಮರೆತುಬಿಡಲಿ ಎಂದೇ ಹಾರೈಸುವ ಜನರನ್ನು ನಾವು ಈವರೆಗೆ ಕಂಡಿರಲಿಲ್ಲ. ಅಂಥವರನ್ನು ಹೋದ ಬೇಸಗೆಯ ರಜೆಯಲ್ಲಿ ಶ್ರೀಲಂಕೆಯ ಉಡವಲವೆ ಎಂಬಲ್ಲಿ ಕಂಡೆವು. ಆ ಒಂದು ದಿನದ ಸಂಗತಿಯನ್ನು ನಮ್ಮ ಪತ್ರಿಕೆಯ ಓದುಗರೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಹೊರಟವರು ನಮ್ಮ ಸಂಘದ ಮೂರು ಮನೆಗಳ ಹನ್ನೊಂದು ಮಂದಿ. ಚೆನ್ನೈಯಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಹಾದಿ. ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಇದರ ಮೂರರಷ್ಟು ಹೊತ್ತು ಬೇಕು. ಈ ಲೆಕ್ಕವನ್ನು ಮುಂದಿಟ್ಟೇ ನಮ್ಮ ತಾಯಿಯವರನ್ನು ಒಪ್ಪಿಸಬೇಕಾಯಿತು. ಅವರಿಗೆ ಎಪ್ಪತ್ತೈದು ದಾಟಿದೆ. ಹುಟ್ಟಿದ್ದು ಹೆಗ್ಗಡದೇವನಕೋಟೆಯ ಕಡೆ, ಕಾಡಂಚಿನ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಮದರಾಸಿಗೆ ಬಂದು ಐವತ್ತು ವರ್ಷಗಳ ಮೇಲಾಯಿತು. ಮದರಾಸು ೧೯೯೬ರಲ್ಲಿ ಚೆನ್ನೈಯಾಯಿತು. ಅವರ ಬಾಯಲ್ಲಿ ಮಾತ್ರ ಇಂದಿಗೂ ಅದು ಮದರಾಸೇ. "ಆನೆ ನೋಡೋದಕ್ಕೆ ಸಮುದ್ರ ದಾಟಬೇಕೇನೋ? ನಮ್ಮೂರಲ್ಲಿ ರಾತ್ರಿಯಾದರೆ ಹಿತ್ತಲಿಗೇ ಬರ್ತಿತ್ತು" ಎಂಬುದು ಅವರ ಮೊದಲ ಆಕ್ಷೇಪಣೆ. ಇದು ತಬ್ಬಲಿ ಮರಿಗಳನ್ನು ಸಾಕುವ ಜಾಗ ಎಂದೆವು. ಸುಮ್ಮನಾದರು. ಮರುದಿನ ಕಾಫಿಯ ಹೊತ್ತಿಗೆ ತಾವಾಗಿಯೇ ಕೇಳಿದರು:

"ಸಾಕಿ ಏನು ಮಾಡ್ತಾರೆ?"

"ಮತ್ತೆ ಕಾಡಿಗೆ ಬಿಡ್ತಾರಂತೆ."

"ಬಿಡ್ತಾರಂತೆ!" ಎಂದು ಲೋಟವನ್ನು ಕೆಳಗಿಟ್ಟರು. ಆ 'ಅಂತೆ'ಯನ್ನು ಅವರು ಎಳೆದ ರೀತಿಯಲ್ಲಿಯೇ ನಂಬಿಕೆಯಿಲ್ಲವೆಂಬುದು ಗೊತ್ತಾಗುತ್ತಿತ್ತು. ಆದರೂ ಹೊರಟರು.

ಕೊಲಂಬೊದಿಂದ ಉಡವಲವೆಗೆ ಸುಮಾರು ೧೬೫ ಕಿಲೋಮೀಟರು. ರತ್ನಪುರದ ದಾರಿ ಹಿಡಿದರೆ ರಬ್ಬರು, ಚಹಾ, ತೆಂಗು, ಗದ್ದೆ ಎಲ್ಲವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಅಂಗಡಿಗಳ ಮೇಲಿನ ಸಿಂಹಳ ಅಕ್ಷರಗಳು ದುಂಡುದುಂಡಗೆ, ನಮ್ಮ ಅಕ್ಷರಗಳನ್ನೇ ಯಾರೋ ಜಿಲೇಬಿ ಹುಯ್ದಂತೆ ಬರೆದಿದ್ದಾರೇನೋ ಎಂದು ಕಾಣುತ್ತವೆ. ಓದಿಬಿಡಬಹುದು ಎನಿಸಿ ಬಾಯಿ ತೆರೆದರೆ ಒಂದಕ್ಷರವೂ ಹತ್ತುವುದಿಲ್ಲ. ಮೋಟಾರು ನಡೆಸುತ್ತಿದ್ದಾತ ಬೆಟ್ಟಸೀಮೆಯ ತಮಿಳು ಮಾತಿನವನು. ಅದರಿಂದ ನಮಗೆ ಬಹಳ ಉಪಕಾರವಾಯಿತು. ಚೆನ್ನೈಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡಕ್ಕಿಂತ ತಮಿಳೇ ಸಲೀಸು ಎಂಬ ನಮ್ಮ ಎಂದಿನ ಕೊರಗು ಆ ದಿನ ಕೊಂಚ ಉಪಯೋಗಕ್ಕೆ ಬಂದಿತು ಎನ್ನೋಣ.

ದಾರಿಯ ಒಂದು ಅಂಗಡಿಯಲ್ಲಿ ಚಿಕ್ಕವಳು ಹಟಮಾಡಿ ಒಂದು ಚಿಪ್ಪು ಬಾಳೆಹಣ್ಣು ಕೊಡಿಸಿಕೊಂಡಳು. ಎರಡು ವರ್ಷದ ಹಿಂದೆ ಬೇರೊಂದು ಕಡೆ ಆನೆಯ ಬೀಡಿನಲ್ಲಿ ಅವಳು ತನ್ನ ಕೈಯಾರೆ ಆನೆಗೆ ಬೆಲ್ಲ ತಿನ್ನಿಸಿದ್ದಳು. ಆ ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ಫೋಟೋದಲ್ಲಿ ಆನೆಯ ಕಾಲಿನ ಸರಪಳಿ ಕಾಣುವುದಿಲ್ಲ, ತೆಗೆದಾತ ಅಷ್ಟು ಜಾಣ. ಈ ಸಲ ಮರಿಗೇ ಹಣ್ಣು ಕೊಡುವೆನೆಂದು ಅವಳು ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

ಉಡವಲವೆ ಎಂದರೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡದೊಂದು ಜಲಾಶಯ. ವಲವೆ ನದಿಗೆ ೧೯೬೦ರ ದಶಕದಲ್ಲಿ ಅಣೆಕಟ್ಟು ಕಟ್ಟಿದರು. ನೀರು ನಿಂತಿತು, ಕಾಡು ಮುಳುಗಿತು; ನೆಲೆ ತಪ್ಪಿದ ಮೃಗಗಳಿಗೆ ಜಾಗ ಬೇಕೆಂದು ೧೯೭೨ರಲ್ಲಿ ಜಲಾಶಯದ ಸುತ್ತಣ ೩೦೮ ಚದರ ಕಿಲೋಮೀಟರು ನೆಲವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ನಮ್ಮ ಬಂಡೀಪುರದ ಅರ್ಧಕ್ಕೂ ಕಡಮೆ. ಮುಳುಗಿದ ಮರಗಳ ಬೋಳು ಕಾಂಡಗಳು ಇವತ್ತಿಗೂ ನೀರಿನ ನಡುವೆ ನಿಂತಿವೆ, ಮೇಲೆ ಹಕ್ಕಿಗಳು ಕುಳಿತಿರುತ್ತವೆ. ನಮ್ಮ ತಾಯಿಯವರು ಏರಿಯ ಮೇಲಿನಿಂದ ಅದನ್ನು ಬಹಳ ಹೊತ್ತು ನೋಡಿದರು. "ಕಬಿನಿ ಇದ್ದ ಹಾಗೇ ಇದೆ" ಎಂದಷ್ಟೇ ಹೇಳಿದರು. ಆ ಮಾತಿನ ಹಿಂದಿದ್ದುದು ನಮಗೆ ತಿಳಿದದ್ದು ಮಧ್ಯಾಹ್ನದ ಮೇಲೆ.

ನಾವು ನೋಡಬೇಕೆಂದು ಬಂದ ಜಾಗ ಈ ಜಲಾಶಯದ ಪಕ್ಕದಲ್ಲಿ, ಉದ್ಯಾನದ ಅಂಚಿಗೆ ಇದೆ. ಸಿಂಹಳದಲ್ಲಿ ಅದಕ್ಕೆ 'ಐತ್ ಅತುರು ಸೆವನ' ಎಂದು ಹೆಸರು. 'ಆನೆಗಳ ನಡುದಾರಿಯ ನೆರಳು' ಎಂದು ಕನ್ನಡಿಸಿಕೊಳ್ಳಬಹುದು. ಹೆಸರಿನಲ್ಲಿಯೇ ಉದ್ದೇಶ ಇದೆ: ಇದು ಮನೆಯಲ್ಲ, ತಂಗುದಾಣ. ಅಲ್ಲಿನ ಸರಕಾರದ ವನ್ಯಜೀವಿ ಇಲಾಖೆ ೧೯೯೫ರಲ್ಲಿ ಇದನ್ನು ಆರಂಭಿಸಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, ೧೯೭೫ರಲ್ಲಿ, ಪಿನ್ನವಲ ಎಂಬಲ್ಲಿ ಅನಾಥ ಆನೆಮರಿಗಳಿಗೆ ಒಂದು ಆಶ್ರಮವಾಗಿತ್ತು. ಲಂಕೆಗೆ ಹೋಗಿಬಂದವರೆಲ್ಲ ಹೇಳುವುದು ಅದರ ವಿಷಯವನ್ನೇ. ಆನೆಗಳ ಹಿಂಡು ಬೀದಿ ದಾಟಿ ಹೊಳೆಗೆ ಮೀಯಲು ಹೋಗುತ್ತದೆ, ಎರಡು ಬದಿಯಲ್ಲೂ ಜನ ತುಂಬಿರುತ್ತಾರೆ. ನೋಡಲು ಸೊಗಸೇ. ಆದರೆ ಅಲ್ಲಿಗೆ ಬಂದ ಮರಿ ಅಲ್ಲಿಯೇ ಬೆಳೆದು ಅಲ್ಲಿಯೇ ಮುದಿಯಾಗುತ್ತದೆ. ಮನುಷ್ಯನ ಕೈಯಿಂದ ಅದಕ್ಕೆ ಬಿಡುಗಡೆಯಿಲ್ಲ. ಉಡವಲವೆಯಲ್ಲಿ ಬೇರೆಯ ಹಾದಿ ಹಿಡಿಯಬೇಕೆಂದು ನಿರ್ಧರಿಸಿದರು.

ಬಾಗಿಲಲ್ಲಿ ಚಿಕ್ಕವಳ ಬಾಳೆಹಣ್ಣಿಗೆ ತಡೆಯಾಯಿತು. ಮರಿಗಳಿಗೆ ಏನನ್ನೂ ಕೊಡುವಂತಿಲ್ಲ; ಮುಟ್ಟುವಂತಿಲ್ಲ; ಹತ್ತಿರಕ್ಕೂ ಹೋಗುವಂತಿಲ್ಲ. ನೋಡುವುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಅಟ್ಟಣೆ ಇದೆ, ಅದರ ಮುಂದೆ ಕಟಕಟೆ, ಕಟಕಟೆಯಾಚೆ ಬಯಲು. ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಮರಿಗಳಿಗೆ ಹಾಲು. ಹಗಲಿನಲ್ಲಿ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಆರಕ್ಕೆ ಜನ ಬಂದು ನೋಡಬಹುದು. ಹಾಲಿನ ಹೊತ್ತು ಮುಗಿದರೆ ನೋಡುವುದೂ ಮುಗಿಯಿತು. "ಇಷ್ಟು ದೂರ ಬಂದು ಇಷ್ಟೇನಾ?" ಎಂದು ನಮ್ಮ ಜೊತೆಗಾರರೊಬ್ಬರು ಸ್ವಲ್ಪ ಗಟ್ಟಿಯಾಗಿಯೇ ಗೊಣಗಿದರು. ಚಿಕ್ಕವಳ ಮುಖವಂತೂ ಬಾಡಿಹೋಯಿತು.

ಹನ್ನೆರಡು ಹೊಡೆಯುವುದಕ್ಕೆ ಇನ್ನೇನು ಎರಡು ನಿಮಿಷ ಎನ್ನುವಾಗ ಬಯಲಿನ ಆಚೆಯ ಕಂಬದ ಗೇಟಿನ ಹಿಂದೆ ಬೂದು ಬಣ್ಣದ ನೂಕುನುಗ್ಗಲು ಕಾಣಿಸಿತು. ಸೊಂಡಿಲುಗಳು ಮೇಲೆದ್ದವು. ಒಂದು ಮರಿ ಇನ್ನೊಂದರ ಬೆನ್ನ ಮೇಲೆ ಗದ್ದವಿಟ್ಟು ಇಣುಕುತ್ತಿತ್ತು. ಪಡಿತರದ ಅಂಗಡಿಯ ಸಾಲನ್ನು ಕಂಡವರಿಗೆ ಬೇರೆ ವರ್ಣನೆ ಬೇಡ. ಆಳುಗಳು ಗೇಟು ತೆರೆದು ನಾಲ್ಕೈದು ಮರಿಗಳನ್ನು ಮಾತ್ರ ಒಳಕ್ಕೆ ಬಿಟ್ಟು ಮತ್ತೆ ಮುಚ್ಚಿದರು. ಆ ನಾಲ್ಕೈದೂ ಕಿವಿ ಬಡಿಯುತ್ತ, ಬಾಲ ನಿಗುರಿಸಿಕೊಂಡು, ಕಾಲಿಗೆ ಕಾಲು ತೊಡರುವಂತೆ ಓಡಿಬಂದವು. ಮುಂದೆ ನಿಂತ ಆಳಿನ ಕೈಯಲ್ಲಿ ಒಂದು ಆಲಿಕೆ, ಆಲಿಕೆಗೆ ಸಿಕ್ಕಿಸಿದ ರಬ್ಬರಿನ ಕೊಳವೆ. ಕೊಳವೆಯ ತುದಿ ಮರಿಯ ಬಾಯಿಗೆ ಹೋಯಿತು, ಮೇಲಿನಿಂದ ಹಾಲು ಸುರಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಾತ್ರೆ ಖಾಲಿ.

ಆನೆಮರಿ ಸೊಂಡಿಲಿನಿಂದ ಹಾಲು ಕುಡಿಯುತ್ತದೆ ಎಂದು ನಮ್ಮಲ್ಲಿ ಎಷ್ಟೋ ಮಂದಿ ಎಣಿಸಿದ್ದೆವು. ಹಾಗಲ್ಲ, ತಾಯಿಯ ಮೊಲೆಗೂ ಅದು ಬಾಯಿಯನ್ನೇ ಇಡುತ್ತದೆ. ಹುಟ್ಟಿದಾಗ ನೂರು ಕಿಲೋ ತೂಗುವ ಆ ಪ್ರಾಣಿಗೆ ಮೊದಲ ಕೆಲವು ತಿಂಗಳು ತನ್ನ ಸೊಂಡಿಲಿನಿಂದ ಏನು ಮಾಡಬೇಕೆಂಬುದೇ ಗೊತ್ತಿರುವುದಿಲ್ಲ. ನಾವು ನೋಡುತ್ತಿದ್ದಂತೆ ಎಲ್ಲಕ್ಕಿಂತ ಚಿಕ್ಕ ಮರಿಯೊಂದು ಹಾಲು ಕುಡಿಯುತ್ತ ತನ್ನ ಸೊಂಡಿಲನ್ನು ತಾನೇ ತುಳಿದು ಬೆಚ್ಚಿಬಿದ್ದಿತು. ಅಟ್ಟಣೆಯ ಮೇಲಿದ್ದ ನಾನಾ ದೇಶದ ಜನರೆಲ್ಲ ಒಂದೇ ಸ್ವರದಲ್ಲಿ "ಅಯ್ಯೋ" ಎಂದರು. ಅಯ್ಯೋ ಎಂಬುದಕ್ಕೆ ಭಾಷೆಯ ಭೇದವಿದ್ದಂತೆ ಕಾಣುವುದಿಲ್ಲ.

ಪಾಲು ಮುಗಿದ ಮರಿಯನ್ನು ಆಳು ಬೆನ್ನು ತಟ್ಟಿ ಮುದ್ದಿಸುವನೆಂದು ಕಾದೆವು. ಅವನು ಅದರ ಕಡೆ ನೋಡಲೂ ಇಲ್ಲ. ಇನ್ನಷ್ಟು ಬೇಕೆಂದು ಅದು ಕೊಳವೆಗೆ ಬಾಯಿ ಹಾಕಿದರೆ ಬದಿಗೆ ಸರಿಸಿದನು. ಹೆಸರು ಹಿಡಿದು ಕೂಗಲಿಲ್ಲ, ಕಿವಿ ಸವರಲಿಲ್ಲ. ಸೊಪ್ಪಿನ ರಾಶಿಯ ಕಡೆ ಕೈತೋರಿ ಮುಂದಿನ ಮರಿಗೆ ಆಲಿಕೆಯೆತ್ತಿದನು. ಒಂದು ಪುಂಡ ಮರಿ ಸೊಪ್ಪು ತಿನ್ನುವವರ ಗುಂಪಿನೊಳಗಿಂದ ಹಿಂಬದಿಯಾಗಿ ಬಂದು, ಹೊಸದಾಗಿ ಬಂದವರ ನಡುವೆ ಏನೂ ಅರಿಯದಂತೆ ನಿಂತುಕೊಂಡಿತು. ಕೊಳವೆ ಬಾಯಿಗೆ ಬರುವುದೊಂದೇ ಬಾಕಿ, ಕಳ್ಳ ಸಿಕ್ಕಿಬಿದ್ದನು. ಚಿಕ್ಕವಳು ಬಾಳೆಹಣ್ಣಿನ ದುಃಖ ಮರೆತು ನಕ್ಕಳು.

ನಮ್ಮ ಮನೆಯಾಕೆಗೆ ಮಾತ್ರ ಇದು ಸರಿಬರಲಿಲ್ಲ. "ತಾಯಿಯಿಲ್ಲದ ಮಗು, ಒಂದು ಸಲ ಮೈದಡವಿದರೆ ಏನು ಹೋಗುತ್ತದೆ?" ಎಂದರು. ನಮಗೂ ಹಾಗೆಯೇ ಅನಿಸಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮೋಟಾರಿನಾತನ ಮೂಲಕ ಅಲ್ಲಿನ ಕೆಲಸಗಾರರೊಬ್ಬರನ್ನು ಕೇಳಿಸಿದೆವು. ಅವರು ಕೊಟ್ಟ ಉತ್ತರ ನೇರವಾಗಿತ್ತು: ಮನುಷ್ಯನೆಂದರೆ ಹಾಲು, ಮನುಷ್ಯನೆಂದರೆ ಪ್ರೀತಿ ಎಂದು ಕಲಿತ ಆನೆ ನಾಳೆ ಕಾಡಿನಿಂದ ಊರಿಗೆ ಬರುತ್ತದೆ. ಊರಿನವನ ಕೈಯಲ್ಲಿ ಹಾಲಿನ ಪಾತ್ರೆ ಇರುವುದಿಲ್ಲ, ಕೋವಿ ಇರುತ್ತದೆ.

ಈ ಮರಿಗಳು ತಬ್ಬಲಿಯಾದದ್ದಾದರೂ ಹೇಗೆ? ಶ್ರೀಲಂಕೆಯಲ್ಲಿ ೨೦೧೧ರ ಗಣತಿಯಲ್ಲಿ ಸಿಕ್ಕಿದ ಆನೆಗಳು ೫,೮೭೯. ನಮ್ಮ ಕರ್ನಾಟಕದಲ್ಲಿ ೨೦೨೩ರ ಅಂದಾಜು ೬,೩೯೫. ಭಾರತದ ಯಾವ ರಾಜ್ಯಕ್ಕಿಂತಲೂ ಹೆಚ್ಚು. ಲಂಕೆ ಕರ್ನಾಟಕದ ಮೂರನೆಯ ಒಂದು ಪಾಲಿನಷ್ಟು ದೊಡ್ಡದು. ಅಷ್ಟು ಸಣ್ಣ ನೆಲದಲ್ಲಿ ಅಷ್ಟು ಆನೆ, ಅದರ ಸುತ್ತ ಗದ್ದೆ, ಕಬ್ಬು, ಬಾಳೆ, ಬಡ ರೈತ. ೨೦೧೯, ೨೦೨೨, ೨೦೨೩ ಈ ಒಂದೊಂದು ವರ್ಷವೂ ಅಲ್ಲಿ ನಾನೂರಕ್ಕೆ ಮೇಲ್ಪಟ್ಟು ಆನೆಗಳು ಸತ್ತವು. ಆನೆಯಿಂದ ಸತ್ತ ಜನರೂ ವರ್ಷಕ್ಕೆ ನೂರಕ್ಕಿಂತ ಹೆಚ್ಚು. ಅದನ್ನು ಮರೆತು ಆನೆಯ ಪಕ್ಷವನ್ನೊಂದೇ ಹಿಡಿಯುವುದು ಪಟ್ಟಣದವರಿಗೆ ಸುಲಭ. ಗುಂಡು, ವಿದ್ಯುತ್ತಿನ ತಂತಿ, ರೈಲು, ಬಾವಿ, ಉರುಳು. ಎಲ್ಲಕ್ಕಿಂತ ಘೋರವಾದದ್ದು 'ಹಕ್ಕ ಪಟಸ್' ಎಂಬ ಸಿಡಿಮದ್ದು. ಕಾಡುಹಂದಿಗೆಂದು ಹಣ್ಣು ಕಾಯಿಗಳೊಳಗೆ ಮದ್ದು ಹುದುಗಿಸಿಡುತ್ತಾರೆ. ಎಳೆಯ ಆನೆ ರುಚಿಗೆ ಬಾಯಿ ಹಾಕಿದರೆ ದವಡೆಯೇ ಒಡೆದುಹೋಗುತ್ತದೆ. ತಿನ್ನಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ. ೨೦೨೦ರಲ್ಲಿ ಕೇರಳದಲ್ಲಿ ಗಬ್ಬದ ಆನೆಯೊಂದು ಹೀಗೆಯೇ ಸತ್ತಾಗ ದೇಶವೆಲ್ಲ ಮರುಗಿದ್ದು ಓದುಗರಿಗೆ ನೆನಪಿರಬಹುದು.

ತಾಯಿ ಸತ್ತರೆ ಮರಿಯ ಗತಿ ಅಲ್ಲಿಗೇ ಮುಗಿಯಿತೆನ್ನಬೇಕು. ಇಪ್ಪತ್ತೆರಡು ತಿಂಗಳವರೆಗೆ ಹೊತ್ತು ಹೆರುವ ತಾಯಿ ಎರಡು ವರ್ಷಕ್ಕೂ ಮೇಲೆ ಹಾಲೂಡುತ್ತದೆ. ಹಾಲು ಬಿಟ್ಟು ಬೇರೆಯದನ್ನು ಎಳೆಯ ಮರಿ ಅರಗಿಸಿಕೊಳ್ಳಲಾರದು. ಹಸುವಿನ ಹಾಲಿನ ಕೊಬ್ಬೂ ಅದಕ್ಕೆ ಒಗ್ಗದು. ಈ ಸಂಗತಿಯನ್ನು ಕಷ್ಟಪಟ್ಟು ಕಂಡುಕೊಂಡವರು ಆಫ್ರಿಕದ ಕೀನ್ಯ ದೇಶದ ಡ್ಯಾಫ್ನೆ ಶೆಲ್ಡ್ರಿಕ್ ಎಂಬ ಮಹಿಳೆ. ಅವರು ೨೦೧೮ರಲ್ಲಿ ತೀರಿಕೊಂಡರು. ಹಾಲಿನ ಕೊಬ್ಬಿನ ಬದಲು ತೆಂಗಿನ ಎಣ್ಣೆ ಸೇರಿಸಿದರೆ ಮರಿ ಉಳಿಯುತ್ತದೆಂದು ಅವರಿಗೆ ಗೊತ್ತಾಗುವ ಮೊದಲು ಎಷ್ಟೋ ಮರಿಗಳು ಅವರ ಕೈಯಲ್ಲಿ ಸತ್ತಿದ್ದವು. ೧೯೭೦ರ ದಶಕದಲ್ಲಿ ಆಯಿಷಾ ಎಂಬ ಹಸುಗೂಸನ್ನು ಅವರು ಆರು ತಿಂಗಳು ಒಬ್ಬರೇ ಸಾಕಿದರು. ಮಗಳ ಮದುವೆಗೆಂದು ಕೆಲವು ದಿನ ಬಿಟ್ಟುಹೋಗಬೇಕಾಯಿತು. ಅವರು ಕಾಣದಾದ ಕೊರಗಿನಲ್ಲಿ ಆ ಮರಿ ಹಾಲು ಬಿಟ್ಟು ಪ್ರಾಣವನ್ನೂ ಬಿಟ್ಟಿತು. ಆಮೇಲೆ ೧೯೭೭ರಲ್ಲಿ ಅವರು ತಮ್ಮ ಪತಿಯ ಹೆಸರಿನಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಒಬ್ಬ ಆಳಿಗೆ ಒಂದೇ ಮರಿ ಎಂಬ ಪದ್ಧತಿಯಿಲ್ಲ. ಆಳುಗಳು ರಾತ್ರಿ ಮರಿಯ ಪಕ್ಕದಲ್ಲಿಯೇ ಮಲಗುತ್ತಾರೆ, ಆದರೆ ಸರದಿಯಂತೆ ಬದಲಾಗುತ್ತಿರುತ್ತಾರೆ. ಅಲ್ಲಿ ಹಲವರನ್ನು ಪ್ರೀತಿಸಲು ಕಲಿಸುತ್ತಾರೆ; ಉಡವಲವೆಯಲ್ಲಿ ಮನುಷ್ಯರನ್ನು ಆದಷ್ಟು ದೂರವೇ ಇಟ್ಟು ಮರಿಗೆ ಮರಿಯನ್ನೇ ನಂಟನನ್ನಾಗಿ ಮಾಡುತ್ತಾರೆ. ಹಾದಿ ಎರಡು, ಸೇರುವ ಕಾಡು ಒಂದೇ.

ಹಾಲಿನ ಸಂಭ್ರಮ ಮುಗಿದಾಗ ಬಯಲಿನ ತುಂಬ ಮರಿಗಳು ಸೊಪ್ಪು ಎಳೆದಾಡುತ್ತಿದ್ದವು. ಯಾರೂ ಅಟ್ಟದೆಯೇ, ಒಂದು ದೊಡ್ಡ ಮರಿ ಮುಂದಾಗಿ ಕಾಡಿನ ಕಡೆ ನಡೆಯಿತು. ಅದರ ಹಿಂದೆ ಒಂದು, ಮತ್ತೊಂದು. ಸೊಂಡಿಲು ತುಳಿದುಕೊಂಡಿದ್ದ ಚಿಕ್ಕದು ಹಿಂದುಳಿದಾಗ ನಡುವಿನದೊಂದು ನಿಂತು ಕಾಯಿತು. ಹಾಲಿನ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಅವು ಹೀಗೆ ಕಾಡಿನ ಅಂಚಿನಲ್ಲಿ ತಾವೇ ಗುಂಪುಕಟ್ಟಿ ಅಲೆಯುತ್ತವೆ. ಕೆಸರಿನಲ್ಲಿ ಹೊರಳುವುದು, ತೊಗಟೆ ಸುಲಿಯುವುದು, ಯಾವ ಸೊಪ್ಪು ಸಿಹಿ ಯಾವುದು ಕಹಿ, ಎಲ್ಲವನ್ನೂ ಒಂದನ್ನೊಂದು ನೋಡಿ ಕಲಿಯುತ್ತವೆ. ಐದು ವರ್ಷದ ಹೊತ್ತಿಗೆ, ಒಟ್ಟಿಗೆ ಬೆಳೆದು ಹೊಂದಿಕೊಂಡವನ್ನು ಗುಂಪಾಗಿಯೇ ಬಿಡುತ್ತಾರೆ, ಒಂಟಿಯಾಗಿ ಬಿಡುವುದಿಲ್ಲ. ಕೆಲವಕ್ಕೆ ಕೊರಳಲ್ಲಿ ರೇಡಿಯೋ ಪಟ್ಟಿ ಕಟ್ಟಿ ಎಲ್ಲಿ ಹೋದವು, ಯಾರ ಜೊತೆ ಸೇರಿದವು ಎಂದು ನೋಡುತ್ತಾರೆ. ಮೊದಲನೆಯ ಗುಂಪು ಹೀಗೆ ಕಾಡು ಸೇರಿದ್ದು ೧೯೯೮ರಲ್ಲಿ. ಅಂದಿನಿಂದ ನೂರಕ್ಕೂ ಹೆಚ್ಚು ಆನೆಗಳು ಉಡವಲವೆಯ ಕಾಡಿಗೂ ಲುಣುಗಮ್‌ವೆಹೆರ, ಮಾದುರು ಓಯ ಮೊದಲಾದ ಬೇರೆ ಕಾಡುಗಳಿಗೂ ಹೋಗಿವೆ. ಎಲ್ಲವೂ ಬದುಕಿದವೆಂದಲ್ಲ. ಆದರೆ ಬಿಟ್ಟ ಹೆಣ್ಣಾನೆಗಳು ಕಾಡಿನಲ್ಲಿ ಕಾಡಾನೆಯನ್ನು ಕೂಡಿ ಮರಿ ಹಾಕಿವೆ. ಹೋಗಲಾರದವೂ ಉಂಟು: ಉರುಳಿನಲ್ಲಿ ಒಂದು ಕಾಲು ಕಳೆದುಕೊಂಡ ನಾಮಲ್ ಎಂಬ ಮರಿಗೆ ಕೃತಕ ಕಾಲು ಮಾಡಿಸಿ ಅಲ್ಲಿಯೇ ಸಾಕಿದ್ದರು.

ಊಟಕ್ಕೆ ಕುಳಿತಾಗ ನಮ್ಮ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಬಿಸಿಲಿಗೆ ಬಳಲಿರಬೇಕೆಂದುಕೊಂಡೆವು. ಆಮೇಲೆ ತಾವಾಗಿಯೇ ಶುರುಮಾಡಿದರು.

ಕಾಕನಕೋಟೆಯ ಕೊನೆಯ ಖೆಡ್ಡಾ ೧೯೭೧ರಲ್ಲಿ ಆಯಿತು. ಸ್ಯಾಂಡರ್‌ಸನ್ ಎಂಬ ಇಂಗ್ಲಿಷಿನವನು ೧೮೭೦ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆರಂಭಿಸಿದ ಆನೆ ಹಿಡಿಯುವ ಏರ್ಪಾಟಿಗೆ ಅದೇ ಮುಕ್ತಾಯ. ಕಬಿನಿಯ ಅಣೆಕಟ್ಟು ಏಳುತ್ತಿತ್ತು. ೧೯೭೪ರ ಹೊತ್ತಿಗೆ ಖೆಡ್ಡಾ ನಡೆಯುತ್ತಿದ್ದ ಹೊಳೆಯ ದಂಡೆಯೆಲ್ಲ ನೀರಿನ ಪಾಲಾಯಿತು. ಅದನ್ನು ನಮ್ಮ ತಾಯಿಯವರು, ಆಗಿನ್ನೂ ಇಪ್ಪತ್ತರ ಹೊಸ ಮದುಮಗಳು, ತವರಿಗೆ ಬಂದಿದ್ದಾಗ ನೋಡಲು ಹೋಗಿದ್ದರಂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಮಗೆ ಹೇಳಿರಲಿಲ್ಲ.

"ತಮಟೆ, ಕೂಗು, ಹೊಗೆ. ಹಿಂಡಿಗೆ ಹಿಂಡೇ ಹೊಳೆಗೆ ಇಳೀತು. ಜನ ಚಪ್ಪಾಳೆ ಹೊಡೀತಿದ್ರು, ನಾನೂ ಹೊಡೆದೆ. ದೊಡ್ಡವನ್ನ ಹಗ್ಗ ಹಾಕಿ ಪಳಗಿದ ಆನೆಗಳ ಮಧ್ಯೆ ಎಳೆದುಕೊಂಡು ಹೋದರು. ಒಂದು ಮರಿ, ನಿಮ್ಮ ಈ ಟೇಬಲ್ಲಿನಷ್ಟು ಎತ್ತರ, ಅಮ್ಮನ ಸುತ್ತಾನೇ ಸುತ್ತುತ್ತಾ ಇತ್ತು. ಹಗ್ಗದ ಕೆಳಗೆ ನುಗ್ಗೋಕೆ ನೋಡ್ತು. ಆಗಲಿಲ್ಲ. ಅದರ ಕೂಗು ರಾತ್ರಿ ಅಣ್ಣನ ಮನೆ ಜಗಲೀವರೆಗೂ ಕೇಳಿಸ್ತು. ನಿನ್ನ ಹೆತ್ತಾಗ ನಂಗೆ ಅದೇ ನೆನಪಾಗ್ತಿತ್ತು. ಹೇಳಿದರೆ ಅಪಶಕುನ ಅಂತ ಸುಮ್ಮನಿದ್ದೆ."

ನಾವು ಏನೂ ಹೇಳಲಾರದೆ ಅನ್ನ ಕಲಸುತ್ತ ಕುಳಿತೆವು.

ಖೆಡ್ಡಾ ನಿಂತು ಅರ್ಧ ಶತಮಾನವಾಯಿತು. ನಮ್ಮ ನಾಡಿನಲ್ಲಿ ಈಗ ತಬ್ಬಲಿ ಮರಿ ಸಿಕ್ಕಿದರೆ ಸಾಧಾರಣವಾಗಿ ಆನೆಯ ಬೀಡುಗಳಿಗೆ ಬರುತ್ತದೆ. ದುಬಾರೆ, ಸಕ್ರೆಬೈಲು, ಮತ್ತಿಗೋಡು ಇವುಗಳ ಹೆಸರನ್ನು ಓದುಗರು ಬಲ್ಲರು. ಅಲ್ಲಿ ಮಾವುತ ಕಾವಾಡಿಗಳು, ಅವರಲ್ಲಿ ಹಲವರು ಜೇನುಕುರುಬರು, ಮನೆಯ ಮಗುವಿನಂತೆಯೇ ಅದನ್ನು ನೋಡಿಕೊಳ್ಳುತ್ತಾರೆ. ತಮಿಳುನಾಡಿನ ಮುದುಮಲೆಯ ತೆಪ್ಪಕಾಡಿನಲ್ಲಿ ರಘು, ಅಮ್ಮು ಎಂಬ ಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಸಾಕ್ಷ್ಯಚಿತ್ರಕ್ಕೆ ೨೦೨೩ರಲ್ಲಿ ಆಸ್ಕರ್ ಬಂದಾಗ ನಮ್ಮ ಸಂಘದಲ್ಲಿಯೂ ಅದನ್ನು ತೋರಿಸಿ ಎಲ್ಲರೂ ಕಣ್ಣೊರೆಸಿಕೊಂಡೆವು. ಆ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಹಾಗೆ ಬೆಳೆದ ಆನೆ ಬೀಡಿನ ಆನೆಯೇ. ಅದರ ಕಾಡು ಅಲ್ಲಿಗೆ ಮುಗಿಯಿತು. ಭಾರತದಲ್ಲಿ ಮರಿಗಳನ್ನು ಕಾಡಿಗೆ ಮರಳಿಸುವ ಪ್ರಯತ್ನ ಅಸ್ಸಾಮಿನಲ್ಲಿ ನಡೆದಿದೆ. ಕಾಜಿರಂಗದ ಬಳಿ ೨೦೦೨ರಲ್ಲಿ ಆರಂಭವಾದ ಕೇಂದ್ರವೊಂದು ಪ್ರವಾಹದಲ್ಲಿ ಕೊಚ್ಚಿಬಂದ, ಹಿಂಡು ತಪ್ಪಿದ ಮರಿಗಳನ್ನು ಬೆಳೆಸಿ ಮಾನಸ್ ಕಾಡಿನಲ್ಲಿ ಬಿಟ್ಟಿದೆ. ಕಬಿನಿಯ ದಂಡೆಯಲ್ಲಿ ಅಂಥದೊಂದು ಆಗಬಾರದೇಕೆ ಎಂದು ನಮಗೆ ಅನಿಸಿತು. ಅದಕ್ಕೆ ಬೇಕಾದ ಬಿಡುವಿನ ಕಾಡು, ಹೊಲಗಳಿಲ್ಲದ ಅಂಚು ಎಲ್ಲಿದೆ ಎಂದು ಕೇಳಿದರೆ ಸುಲಭವಾದ ಉತ್ತರವಿಲ್ಲವೆಂಬುದೂ ನಿಜ.

ಸಾಯಂಕಾಲ ತೆರೆದ ಜೀಪಿನಲ್ಲಿ ಉದ್ಯಾನದೊಳಗೆ ಹೋದೆವು. ಧೂಳು, ಹುಲ್ಲುಗಾವಲು, ಮುಳ್ಳುಪೊದೆ, ನವಿಲುಗಳಿಗಂತೂ ಲೆಕ್ಕವಿಲ್ಲ. ಜಲಾಶಯದ ಹತ್ತಿರ ಜೀಪಿನವನು ಎಂಜಿನು ನಿಲ್ಲಿಸಿದನು. ಹುಲ್ಲಿನಲ್ಲಿ ಆರು ಹೆಣ್ಣಾನೆಗಳು, ಒಂದಕ್ಕೂ ದಂತವಿಲ್ಲ. ಲಂಕೆಯಲ್ಲಿ ಗಂಡಿಗೂ ದಂತ ಅಪರೂಪ, ನೂರರಲ್ಲಿ ಏಳಕ್ಕೆ ಇದ್ದರೆ ಹೆಚ್ಚು. ದಂತವಿಲ್ಲದಿದ್ದರೆ ಒಂದು ಶತ್ರು ಕಡಮೆ ಎಂದು ಮೋಟಾರಿನಾತ ಹೇಳಿದನು. ಹೆಣ್ಣಾನೆಗಳ ಕಾಲುಗಳ ನಡುವೆ ಎರಡು ಮರಿಗಳಿದ್ದವು. ಅವುಗಳಲ್ಲಿ ಒಂದು ಹಾಲು ಕುಡಿಯುತ್ತಿತ್ತು. ಆಲಿಕೆಯಿಲ್ಲ, ಕೊಳವೆಯಿಲ್ಲ, ಗಡಿಯಾರವಿಲ್ಲ. ಮಧ್ಯಾಹ್ನ ಒಂದು ನಿಮಿಷದಲ್ಲಿ ಮುಗಿದದ್ದು ಇಲ್ಲಿ ಮುಗಿಯುವಂತೆಯೇ ಕಾಣಲಿಲ್ಲ.

"ಈ ತಾಯಿ ಆ ಮನೆಯಲ್ಲಿ ಬೆಳೆದದ್ದಿರಬಹುದೇ?" ಎಂದು ತಾಯಿಯವರು ತಮಿಳಿನಲ್ಲಿ ಕೇಳಿದರು.

ಜೀಪಿನವನು ಕಣ್ಣು ಕಿರಿದುಮಾಡಿ ನೋಡಿದನು. ಪಟ್ಟಿ ಉದುರಿಹೋದ ಮೇಲೆ ತನಗೆ ಗುರುತು ಹತ್ತುವುದಿಲ್ಲ ಎಂದನು. ಇರಲೂಬಹುದು, ಇಲ್ಲದಿರಲೂಬಹುದು. ತಾಯಿಯವರು ಮರುಮಾತಾಡದೆ ಸೆರಗನ್ನು ತಲೆಗೆ ಹೊದ್ದುಕೊಂಡು, ಆ ಹಿಂಡು ಪೊದೆಗಳಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು. ಚಿಕ್ಕವಳು ಕೈಬೀಸಿದಳು. ಅವು ಯಾವುವೂ ನಮ್ಮ ಕಡೆ ತಿರುಗಲಿಲ್ಲ.

ಹಿಂದಿರುಗುವಾಗ ಹೆದ್ದಾರಿಯ ಪಕ್ಕದಲ್ಲಿ ಉದ್ಯಾನದ ವಿದ್ಯುತ್ತಿನ ಬೇಲಿ ಕಿಲೋಮೀಟರುಗಟ್ಟಲೆ ಜೊತೆಗೇ ಬರುತ್ತದೆ. ಒಂದು ತಿರುವಿನಲ್ಲಿ ಬೇಲಿಯಾಚೆ ದೊಡ್ಡ ಗಂಡಾನೆಯೊಂದು ರಸ್ತೆಗೆ ಮುಖಮಾಡಿ ನಿಂತಿತ್ತು. ಹೋಗಿಬರುವ ವಾಹನಗಳವರು ಹಣ್ಣು ಎಸೆದು ಎಸೆದು ಅದಕ್ಕೆ ಹೀಗೆ ನಿಲ್ಲುವುದು ಅಭ್ಯಾಸವಾಗಿಬಿಟ್ಟಿದೆ. ಕಾಡಿನಲ್ಲಿ ಹುಟ್ಟಿ ಕಾಡಿನಲ್ಲೇ ಬೆಳೆದ ಆನೆ, ಬಸ್ಸು ನಿಲ್ದಾಣದ ಭಿಕ್ಷುಕನಂತೆ ಸೊಂಡಿಲು ಚಾಚಿತ್ತು. ಚಿಕ್ಕವಳು ಮಡಿಲ ಚಿಪ್ಪನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಬೆಳಗಿನಿಂದ ಕಾದಿದ್ದ ಕೂಸು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಅವಳೇ ಒಂದು ಗಳಿಗೆ ಆನೆಯನ್ನು ನೋಡಿ, ಅಜ್ಜಿಯ ಮುಖ ನೋಡಿ, "ಇದಕ್ಕೂ ಕೊಡಬಾರದಲ್ವಾ ಅಜ್ಜಿ?" ಎಂದಳು. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ಗಾಜು ಏರಿತು, ಮೋಟಾರು ಮುಂದೆ ಹೋಯಿತು.

ಸ್ವಲ್ಪ ದೂರದಲ್ಲಿ ಎಮ್ಮೆಯ ಮೊಸರಿನ ಮಡಕೆಗಳನ್ನು ಸಾಲಾಗಿ ಇಟ್ಟ ಅಂಗಡಿಯಿತ್ತು. ಮೊಸರಿನ ಮೇಲೆ ಕಿತುಲ್ ಮರದ ಪಾಕ ಹೊಯ್ದು ಕೊಡುತ್ತಾರೆ. ಕಿತುಲ್ ಎಂದರೆ ನಮ್ಮ ಮಲೆನಾಡಿನ ಬೈನೆ ಮರವೇ. ಆನೆಗೆ ಅದರ ಸೊಪ್ಪೆಂದರೆ ಪ್ರಾಣ. ಗಟ್ಟಿ ಮೊಸರಿಗೆ ಆ ಪಾಕವೂ ಬಾಳೆಹಣ್ಣೂ ಸೇರಿದರೆ ಎಷ್ಟು ರುಚಿ ಎಂದು ಬರೆದು ಓದುಗರ ಹೊಟ್ಟೆ ಉರಿಸುವುದಿಲ್ಲ. ಒಂದು ಚಿಪ್ಪಿನಲ್ಲಿ ಹದಿಮೂರು ಹಣ್ಣಿದ್ದವು. ಹನ್ನೊಂದು ಮಂದಿಗೆ ಒಂದೊಂದು, ಮೋಟಾರಿನಾತನಿಗೆ ಒಂದು; ಉಳಿದೊಂದನ್ನು ಅಜ್ಜಿಯೂ ಮೊಮ್ಮಗಳೂ ಮುರಿದು ತಿಂದರು.